ಐದು ವರ್ಷ ಬಳಸಿದ ಕೋಡಿಂಗ್ ಸಾಫ್ಟ್‌ವೇರ್: ಪಿತ್ತಕೋಶದ ಕೇಸುಗಳಲ್ಲಿ ಕೈಕೊಟ್ಟಿದ್ದೂ ಕೈಹಿಡಿದಿದ್ದೂ

ನಾನು ಮೆಡಿಕಲ್ ಕೋಡರ್. ರೋಗಕ್ಕೂ ಆಪರೇಷನ್‌ಗೂ ಬಿಲ್‌ಗೆ ಬೇಕಾದ ಕೋಡ್ ಹಾಕುವುದು ನನ್ನ ಕೆಲಸ. ಆ ಕೋಡ್ ಹುಡುಕಿಕೊಡುವ ಸಾಫ್ಟ್‌ವೇರೇ ಎನ್‌ಕೋಡರ್. ಐದು ವರ್ಷದಿಂದ ಇದೇ ಎನ್‌ಕೋಡರ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಅಮೆರಿಕದ ಆಸ್ಪತ್ರೆಗಳ ಜನರಲ್ ಸರ್ಜರಿ ಚಾರ್ಟ್‌ಗಳು, ಅಂದರೆ ರೋಗಿಗಳ ದಾಖಲೆಗಳು, ನನ್ನ ಪಾಲಿಗೆ ಬರುತ್ತವೆ. ಅದರಲ್ಲಿ ಜಾಸ್ತಿ ಇರುವುದು ಸಣ್ಣ ತೂತುಗಳಿಂದ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವ ಆಪರೇಷನ್. ನಾವು ಕೋಡರ್‌ಗಳು ಅದನ್ನು ಲ್ಯಾಪ್ ಕೋಲಿ ಅಂತೀವಿ. ಸ್ಕ್ರೀನ್ ಹೇಗಿದೆ, ಯಾವ ಪ್ಯಾಕೇಜ್‌ನಲ್ಲಿ ಏನು ಸಿಗುತ್ತದೆ ಅನ್ನೋದನ್ನೆಲ್ಲ ಡೆಮೊದಲ್ಲೇ ನೋಡಿರುತ್ತೀರಿ. ನಾನು ಬರೆಯಲು ಕೂತಿರುವುದು ಒಂದು ಪುಟ್ಟ ಬಾಣದ ಗುರುತಿನ ಬಗ್ಗೆ.

ಈ ಸಾಫ್ಟ್‌ವೇರ್‌ನಲ್ಲಿ ಯಾವ ಡಯಾಗ್ನೋಸಿಸ್ ಕೋಡ್ ಹುಡುಕಿದರೂ ಅದರ ಪಕ್ಕ ಆ ಬಾಣ ಬರುತ್ತದೆ. ಒತ್ತಿದರೆ ಮಾತ್ರ ಸೂಚನೆಗಳು ಬಿಚ್ಚಿಕೊಳ್ಳುತ್ತವೆ. ಇದರ ಜೊತೆ ಇನ್ನೊಂದು ಕೋಡ್ ಹಾಕಿ, ಇವೆರಡನ್ನು ಒಟ್ಟಿಗೆ ಹಾಕಬೇಡಿ, ಹೀಗೆ. ಒತ್ತದಿದ್ದರೆ ಏನೂ ಕಾಣುವುದಿಲ್ಲ. ಅಚ್ಚಾದ ಪುಸ್ತಕದಲ್ಲಿ ಈ ಸಾಲುಗಳು ಕೋಡ್‌ನ ಕೆಳಗೇ ಇರುತ್ತವೆ. ಬೇಡ ಅಂದರೂ ಕಣ್ಣಿಗೆ ಬೀಳುತ್ತವೆ.

ಮೊದಲ ವರ್ಷವೇ ಇದರಿಂದ ಪೆಟ್ಟು ತಿಂದೆ. ಒಬ್ಬ ರೋಗಿಯ ಪಿತ್ತಕೋಶದಲ್ಲಿ ಕಲ್ಲು ಇತ್ತು, ತೀವ್ರ ಉರಿಯೂತ ಇತ್ತು. ಕೆ80.00 ಸಿಕ್ಕಿತು, ಹಾಕಿ ಮುಂದಿನ ಚಾರ್ಟ್‌ಗೆ ಹೋದೆ. ಪಿತ್ತಕೋಶದ ಗೋಡೆ ಗ್ಯಾಂಗ್ರೀನ್ ಆಗಿತ್ತು ಅಂತ ಸರ್ಜನ್ ಸ್ಪಷ್ಟವಾಗಿ ಬರೆದಿದ್ದರು, ನಾನು ಓದಿಯೂ ಇದ್ದೆ. ಆದರೆ ಅದಕ್ಕೆ ಕೆ82.ಎ1 ಅಂತ ಇನ್ನೊಂದು ಕೋಡ್ ಸೇರಿಸಬೇಕು ಅನ್ನುವ ಸೂಚನೆ ಬಾಣದ ಹಿಂದೆ ಮಡಚಿಕೊಂಡಿತ್ತು. ಗ್ಯಾಂಗ್ರೀನ್‌ಗೆ ಕೆ82.ಎ1, ತೂತಾಗಿದ್ದರೆ ಕೆ82.ಎ2. ಎರಡೂ 2018ರ ಅಕ್ಟೋಬರ್ 1ರಿಂದ ಬಳಕೆಯಲ್ಲಿವೆ. ಆಡಿಟ್‌ನಲ್ಲಿ ತಪ್ಪು ಸಿಕ್ಕಿಬಿತ್ತು. ಅಂಕ ಹೋಗಿದ್ದಕ್ಕಿಂತ ಬೇರೆ ವಿಷಯಕ್ಕೆ ನನಗೆ ಬೇಜಾರಾಯಿತು. ಅಷ್ಟು ಕೆಟ್ಟಿದ್ದ ಪಿತ್ತಕೋಶವನ್ನು ಒಬ್ಬರು ಕಷ್ಟಪಟ್ಟು ತೆಗೆದಿದ್ದಾರೆ, ಒಬ್ಬ ರೋಗಿ ಅದರಿಂದ ಬದುಕಿ ಎದ್ದಿದ್ದಾರೆ. ನಾನು ಕಳಿಸಿದ ಕ್ಲೇಮ್‌ನಲ್ಲಿ ಅದರ ಸುಳಿವೇ ಇರಲಿಲ್ಲ.

ಹುಡುಕುವ ಪೆಟ್ಟಿಗೆಯದೂ ಇದೇ ಕಥೆ. ಪಿತ್ತಕೋಶದ ಕಲ್ಲು ಅಂತ ಟೈಪ್ ಮಾಡಿದರೆ ಮೊದಲು ಬರುವುದು ಕೆ80.20. ಅಂದರೆ ಕಲ್ಲಿದೆ, ಉರಿಯೂತ ಇಲ್ಲ, ತಡೆಯೂ ಇಲ್ಲ. ಅವಸರದಲ್ಲಿರುವವರು ಅದನ್ನೇ ಹಾಕಿಬಿಡುತ್ತಾರೆ. ಆಮೇಲೆ ಪೆಥಾಲಜಿ ರಿಪೋರ್ಟ್ ನೋಡಿದರೆ ಹಳೆಯ ಉರಿಯೂತ ಇದೆ ಅಂತ ಇರುತ್ತದೆ, ಆಗ ಕೆ80.10 ಆಗಬೇಕು. ಔಟ್‌ಪೇಷಂಟ್ ಕೇಸ್ ಆದರೆ ಆ ರಿಪೋರ್ಟ್ ನೋಡಿ ಕೋಡ್ ಮಾಡಬಹುದು. ಅಡ್ಮಿಟ್ ಆದ ರೋಗಿಯಾದರೆ ಆಸ್ಪತ್ರೆಯ ಬಿಲ್‌ಗೆ ಪೆಥಾಲಜಿ ರಿಪೋರ್ಟ್ ಒಂದೇ ಸಾಲದು, ನೋಡಿಕೊಳ್ಳುವ ಡಾಕ್ಟರ್‌ಗೆ ಕ್ವೆರಿ ಕಳಿಸಿ ಕೇಳಬೇಕು. ಈ ವ್ಯತ್ಯಾಸವನ್ನು ಸಾಫ್ಟ್‌ವೇರ್ ಎಲ್ಲೂ ನೆನಪಿಸುವುದಿಲ್ಲ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಕೂತ ತಕ್ಷಣ ಎನ್‌ಕೋಡರ್ ತೆರೆಯುವುದಿಲ್ಲ. ಮೊದಲು ಆಪ್ ನೋಟ್, ಅಂದರೆ ಆಪರೇಷನ್ ಬಗ್ಗೆ ಸರ್ಜನ್ ಬರೆದ ವರದಿ, ಮಾತ್ರ. ಮಾಡಿದ ಆಪರೇಷನ್ ಇಂಥದ್ದು ಅಂತ ಮೇಲೆ ಬರೆದಿರುವ ಸಾಲನ್ನು ಬಿಟ್ಟು ಸೀದಾ ವಿವರಕ್ಕೆ ಹೋಗುತ್ತೇನೆ. ಪೋರ್ಟ್ ಹಾಕಿದರು, ಪಿತ್ತಕೋಶವನ್ನು ಮೇಲೆತ್ತಿ ಹಿಡಿದರು, ಪಿತ್ತಕೋಶದಿಂದ ಹೊರಡುವ ನಾಳವಾದ ಸಿಸ್ಟಿಕ್ ಡಕ್ಟ್ ಬಿಡಿಸಿದರು. ಇಲ್ಲಿ ನಿಧಾನಿಸುತ್ತೇನೆ. ಡಕ್ಟ್ ಕತ್ತರಿಸುವ ಮುಂಚೆ ಕ್ಯಾತಿಟರ್ ತೂರಿಸಿ, ಡೈ ಬಿಟ್ಟು, ಪಿತ್ತನಾಳದ ಎಕ್ಸ್‌ರೇ ತೆಗೆದರಾ? ತೆಗೆದಿದ್ದರೆ ಆಪರೇಷನ್ ಕೋಡ್ 47563. ಇಲ್ಲದಿದ್ದರೆ 47562. ಪಿತ್ತನಾಳದ ಒಳಗೇ ಕಲ್ಲು ಹುಡುಕಿದ್ದರೆ 47564. ಒಂದು ನೋಟ್‌ನ ಮೇಲಿನ ಸಾಲಿನಲ್ಲಿ ಕೋಲಾಂಜಿಯೋಗ್ರಾಮ್ (ಇದೇ ಎಕ್ಸ್‌ರೇ) ಅಂತ ಇತ್ತು. ವಿವರ ಓದಿದರೆ ಡಕ್ಟ್ ತೀರಾ ಸಣ್ಣದು, ಕ್ಯಾತಿಟರ್ ಹೋಗಲಿಲ್ಲ, ಅಲ್ಲಿಗೇ ಕೈಬಿಟ್ಟಿದ್ದರು. ಡೈ ಒಳಗೇ ಹೋಗಿಲ್ಲ, ಎಕ್ಸ್‌ರೇ ಎಲ್ಲಿಂದ ಬರಬೇಕು? 47562 ಹಾಕಿದೆ.

ಇಷ್ಟೆಲ್ಲ ದೂರಿದ ಮೇಲೂ ಇದನ್ನು ಬಿಟ್ಟಿಲ್ಲ. ಅದಕ್ಕೆ ಕಾರಣ ಮೂರನೇ ವರ್ಷ ನನ್ನ ಕಣ್ಣಿಗೆ ಬಿದ್ದ ಒಂದು ಸೌಲಭ್ಯ. ಯಾವ ಕೋಡ್‌ಗೆ ಬೇಕಾದರೂ ನಮ್ಮದೇ ಟಿಪ್ಪಣಿ ಅಂಟಿಸಬಹುದು. ಅದು ಮಡಚಿಕೊಳ್ಳುವುದಿಲ್ಲ, ಕೋಡ್ ತೆರೆದ ಕೂಡಲೇ ಹಳದಿ ಚೀಟಿಯಾಗಿ ಎದುರಿಗೆ ನಿಲ್ಲುತ್ತದೆ. ಕೆ80.00ಗೆ ‘ಗೋಡೆ ಹೇಗಿತ್ತು? ಗ್ಯಾಂಗ್ರೀನ್? ತೂತು?’ ಅಂತ ಬರೆದೆ. ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆಯುವ ಓಪನ್ ಆಪರೇಷನ್‌ನ ಕೋಡ್ 47600ಗೆ ‘ಲ್ಯಾಪ್‌ನಲ್ಲಿ ಶುರು ಮಾಡಿ ಓಪನ್‌ಗೆ ಹೋದರಾ? ಹಾಗಾದರೆ ಇದೊಂದೇ, ಜೊತೆಗೆ ಝಡ್53.31’ ಅಂತ ಬರೆದೆ. ಝಡ್53.31 ಅಂದರೆ ಲ್ಯಾಪ್ ಬಿಟ್ಟು ಓಪನ್‌ಗೆ ಹೋದರು ಅಂತ ತಿಳಿಸುವ ಕೋಡ್. ಈಗ ಅರವತ್ತು ಚಿಲ್ಲರೆ ಚೀಟಿಗಳಿವೆ. ಒಂದೊಂದರ ಹಿಂದೆಯೂ ಒಂದು ಚಾರ್ಟ್ ಇದೆ.

ಪಕ್ಕದ ಸೀಟಿಗೆ ಹೊಸದಾಗಿ ಬಂದ ಹುಡುಗಿ ಒಂದು ದಿನ ಕೇಳಿದಳು, “ಅಕ್ಕಾ, ಕೆ80.00 ಜೊತೆ ಕೆ81.0 ಹಾಕಿದ್ರೆ ಕೆಂಪು ಬರ್ತಿದೆ, ಯಾಕೆ?” ಕಲ್ಲಿದ್ದರೆ ಉರಿಯೂತ ಕೆ80ರ ಒಳಗೇ ಸೇರಿಹೋಗುತ್ತದೆ, ಕೆ81 ಕಲ್ಲಿಲ್ಲದವರಿಗೆ ಅಂತ ಹೇಳಿದೆ. ಅವಳು ಅದನ್ನು ತನ್ನ ಮೊದಲ ಚೀಟಿ ಮಾಡಿಕೊಂಡಳು. ನೋಡಿ ಖುಷಿಯಾಯಿತು.

ಆ ಕೆಂಪು ಎಚ್ಚರಿಕೆಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಅದನ್ನೂ ಹೇಳಬೇಕು. ಲ್ಯಾಪ್ ಕೋಲಿ ಆದ 90 ದಿನದೊಳಗೆ ಅದೇ ಸರ್ಜನ್ ಮಾಮೂಲಿ ಫಾಲೋಅಪ್‌ಗೆ ಬೇರೆ ಬಿಲ್ ಹಾಕಿದರೆ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಅಂಥದ್ದನ್ನು ಇದು ತಪ್ಪದೆ ಹಿಡಿಯುತ್ತದೆ.

ದುಡ್ಡಿನ ಮಾತು. ರೋಗದ ಕೋಡ್‌ಗಳಾದ ಐಸಿಡಿ ಅಕ್ಟೋಬರ್‌ನಲ್ಲಿ, ಆಪರೇಷನ್ ಕೋಡ್‌ಗಳಾದ ಸಿಪಿಟಿ ಜನವರಿಯಲ್ಲಿ ಹೊಸದಾಗುವುದರಿಂದ ಪುಸ್ತಕವಾದರೂ ಸಾಫ್ಟ್‌ವೇರ್ ಆದರೂ ಪ್ರತಿ ವರ್ಷ ಖರ್ಚು ಇದ್ದದ್ದೇ. ನನ್ನ ಲೈಸೆನ್ಸ್‌ಗೆ ಆಫೀಸ್ ಕಟ್ಟುತ್ತದೆ. ನನ್ನ ಕೈಯಿಂದಲೇ ಕೊಡಬೇಕಾಗಿದ್ದರೆ ಪುಸ್ತಕವನ್ನೇ ತಗೊಳ್ಳುತ್ತಿದ್ದೆ. ಪರೀಕ್ಷೆಗೆ ಓದುತ್ತಿರುವವರಿಗೂ ಪುಸ್ತಕವೇ ಸರಿ, ಕೋಡರ್‌ಗಳ ಸಿಪಿಸಿ ಪರೀಕ್ಷೆಗೆ ಅದನ್ನು ಇಟ್ಟುಕೊಂಡು ಕೂರಬಹುದು ಅಲ್ವಾ. ದಿನಕ್ಕೆ ನಲವತ್ತು ಐವತ್ತು ಚಾರ್ಟ್ ಮಾಡುವವರಿಗೆ ಮಾತ್ರ ಇದು ಬೇಕೇ ಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಸೂಚನೆಗಳು ತಾವಾಗಿಯೇ ಬಿಚ್ಚಿಕೊಂಡು ಬರಲಿ ಅಂತ ಕಂಪನಿಗೆ ನಾಲ್ಕು ಸಲ ಬರೆದಿದ್ದೇನೆ. ಮೊನ್ನೆ ಬಂದ ಅಪ್‌ಡೇಟ್‌ನಲ್ಲೂ ಬಾಣ ಹಾಗೇ ಇದೆ, ಬಣ್ಣ ಮಾತ್ರ ಬದಲಾಗಿದೆ. ಐದನೇ ಸಲ ಇವತ್ತು ಬರೆಯುತ್ತೇನೆ.