ಆರ್ಟೆಮಿಸ್ ಆಟದ ಎಂಜಿನಿಯರಿಂಗ್ ಮೇಜು: ಮೂರು ತಿಂಗಳ ಭಾನುವಾರಗಳ ನಂತರ

ರಾಜಾಜಿನಗರದ ನಮ್ಮ ಮನೆಯ ನಡುಮನೆಯಿಂದ ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಒಂದು ಹಡಗು ಹೊರಡುತ್ತದೆ. ಊಟದ ಮೇಜಿನ ಮೇಲೆ ನಾಲ್ಕು ಲ್ಯಾಪ್‌ಟಾಪ್‌, ದಿವಾನದ ಮೇಲೆ ಇನ್ನೊಂದು, ಗೋಡೆಯ ಟಿವಿಯಲ್ಲಿ ಮುಂದಿನ ಆಕಾಶ. ಕ್ಯಾಪ್ಟನ್‌ ನನ್ನ ಮೊಮ್ಮಗ, ವಯಸ್ಸು ಹನ್ನೆರಡು. ಚುಕ್ಕಾಣಿ ಅಳಿಯನದು, ಶಸ್ತ್ರಾಸ್ತ್ರ ಮಗಳದು. ವಿಜ್ಞಾನದ ಮೇಜಿಗೆ ಪಕ್ಕದ ಮನೆಯ ಹುಡುಗಿ, ಸಂಪರ್ಕದ ಮೇಜಿಗೆ ಅವಳ ಅಣ್ಣ. ಎಂಜಿನಿಯರಿಂಗ್ ನನ್ನದು. ಮೂವತ್ತೊಂದು ವರ್ಷ ರಾಜ್ಯದ ವಿದ್ಯುತ್ ಜಾಲದ ನಿಯಂತ್ರಣ ಕೊಠಡಿಯಲ್ಲಿ ಪಾಳಿ ಮಾಡಿ ನಿವೃತ್ತಳಾದವಳು ನಾನು. ಆ ಅನುಭವದ ಕಣ್ಣಿನಿಂದಲೇ ಈ ಆಟವನ್ನು ನೋಡಿದ್ದೇನೆ, ಅದೇ ಕಣ್ಣಿನಿಂದ ಇದನ್ನು ಬರೆಯುತ್ತಿದ್ದೇನೆ.

ಆಟದ ಹೆಸರು ಆರ್ಟೆಮಿಸ್ ಸ್ಪೇಸ್‌ಶಿಪ್ ಬ್ರಿಡ್ಜ್ ಸಿಮ್ಯುಲೇಟರ್. ಥಾಮ್ ರಾಬರ್ಟ್‌ಸನ್ ಎಂಬವರು ಮಾಡಿದ್ದು, 2010ರಲ್ಲಿ ಬಂದದ್ದು. ಒಂದು ಅಂತರಿಕ್ಷ ಹಡಗನ್ನು ಆರು ಜನ ಸೇರಿ ನಡೆಸಬೇಕು. ಒಬ್ಬೊಬ್ಬರ ಪರದೆಯಲ್ಲಿ ಅವರವರ ಕೆಲಸಕ್ಕೆ ಬೇಕಾದಷ್ಟೇ ಕಾಣುತ್ತದೆ. ಕ್ಯಾಪ್ಟನ್ ಕೈಯಲ್ಲಿ ಹಡಗನ್ನು ನಡೆಸುವ ಒಂದು ಗುಂಡಿಯೂ ಇಲ್ಲ. ಅವನು ಕೇಳಬೇಕು, ಯೋಚಿಸಬೇಕು, ಹೇಳಬೇಕು. ಉಳಿದವರು ಅವನು ಹೇಳಿದ್ದನ್ನು ಮಾಡಬೇಕು. ಶತ್ರು ಹಡಗುಗಳು ನಮ್ಮ ನಿಲ್ದಾಣಗಳ ಮೇಲೆ ಬೀಳದಂತೆ ತಡೆಯುವುದು ಗುರಿ. ಕಥೆ ಅಷ್ಟೇ, ಅದರ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಚಿತ್ರಗಳೂ ಹಳೆಯ ಕಾಲದವು. ಬಣ್ಣಬಣ್ಣದ ಸ್ಫೋಟಗಳನ್ನು ನೋಡುವ ಆಸೆಯಿದ್ದವರು ಬೇರೆ ಆಟ ಕೊಳ್ಳುವುದು ಒಳ್ಳೆಯದು.

ನನ್ನ ಮೇಜಿನಲ್ಲಿ ಏನಿದೆ ಎಂಬುದನ್ನು ನಿಧಾನವಾಗಿ ಹೇಳುತ್ತೇನೆ, ಆಟದ ಜೀವ ಇರುವುದು ಅಲ್ಲಿಯೇ. ಎಂಟು ವ್ಯವಸ್ಥೆಗಳು ಸಾಲಾಗಿ ನಿಂತಿವೆ: ಕಿರಣ ಬಿಡುವ ಬೀಮ್, ಸಿಡಿದು ಹೊಡೆಯುವ ಟಾರ್ಪಿಡೊ, ಸುತ್ತಲಿನದನ್ನು ಗುರುತಿಸುವ ಸೆನ್ಸರ್, ಹಡಗನ್ನು ತಿರುಗಿಸುವ ಯಂತ್ರ, ಸಾಮಾನ್ಯ ವೇಗದ ಇಂಪಲ್ಸ್ ಎಂಜಿನ್, ಮಹಾವೇಗದ ವಾರ್ಪ್, ಮುಂದಿನ ರಕ್ಷಾಕವಚ, ಹಿಂದಿನ ರಕ್ಷಾಕವಚ. ಪ್ರತಿಯೊಂದಕ್ಕೂ ಶಕ್ತಿಯನ್ನು ಏರಿಸಿ ಇಳಿಸುವ ಒಂದು ಪಟ್ಟಿ. ಸಾಮಾನ್ಯ ಸ್ಥಿತಿ ನೂರು ಪ್ರತಿಶತ, ಬೇಕಾದರೆ ಮುನ್ನೂರರವರೆಗೂ ಎಳೆಯಬಹುದು. ಎಳೆದರೆ ಎಂಜಿನ್ ಓಡುತ್ತದೆ, ಕವಚ ಗಟ್ಟಿಯಾಗುತ್ತದೆ, ಜೊತೆಗೆ ಕಾವೂ ಏರುತ್ತದೆ. ಕಾವು ತಣಿಸಲು ಕೂಲೆಂಟ್ ಇದೆ. ಎಂಟು ವ್ಯವಸ್ಥೆಗಳಿಗೆ ಸೇರಿ ಎಂಟೇ ಪಾಲು. ಒಂದಕ್ಕೆ ಮೂರು ಪಾಲು ಕೊಟ್ಟರೆ ಬೇರೆ ಎರಡು ಬರಿದಾಗುತ್ತವೆ. ಹೊರಡುವಾಗ ಹಡಗಿನ ಶಕ್ತಿ ಸಾವಿರ. ಎಲ್ಲರೂ ಬಳಸುವುದು ಆ ಸಾವಿರವನ್ನೇ.

ನಿಯಂತ್ರಣ ಕೊಠಡಿಯಲ್ಲಿ ಕೂತವರಿಗೆ ಈ ಲೆಕ್ಕ ಹೊಸದಲ್ಲ. ಸಂಜೆ ಆರೂವರೆಗೆ ಬೆಂಗಳೂರಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡಾಗ ನಮಗೆ ಒಂದು ದೀಪವೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಜಾಲದ ವಿದ್ಯುತ್ ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಎಂಬ ಆವರ್ತನದ ಅಂಕಿ. ಬೇಡಿಕೆ ಹೆಚ್ಚಿ ಉತ್ಪಾದನೆ ಸಾಲದಾದರೆ ಐವತ್ತು ಹರ್ಟ್ಸ್‌ನಿಂದ ಅದು ಕೆಳಗೆ ಜಾರುತ್ತದೆ. ಆಗ ಶರಾವತಿಗೆ ಫೋನ್ ಮಾಡಿ ಇನ್ನೊಂದು ಯಂತ್ರ ಹಾಕಿಸುತ್ತಿದ್ದೆವು. ಅಲ್ಲಿ ಹತ್ತು ಯಂತ್ರಗಳಿವೆ, ಒಟ್ಟು 1035 ಮೆಗಾವಾಟ್. ನೀರಿನ ಯಂತ್ರವಾದದ್ದರಿಂದ ನಿಮಿಷಗಳಲ್ಲಿ ಕೈಗೆ ಸಿಗುತ್ತದೆ. ತಣ್ಣಗಾಗಿ ನಿಂತ ಕಲ್ಲಿದ್ದಲಿನ ಘಟಕಕ್ಕಾದರೆ ಗಂಟೆಗಟ್ಟಲೆ ಕಾಯಬೇಕು. ಯಾವ ಯಂತ್ರವೂ ಸಿಗದ ದಿನ ಯಾವ ಕಡೆಯ ಲೋಡ್ ಇಳಿಸಬೇಕು, ಅಂದರೆ ಎಲ್ಲಿಯ ಕರೆಂಟ್ ತೆಗೆಯಬೇಕು ಎಂದು ತೀರ್ಮಾನಿಸಲೇಬೇಕಿತ್ತು. ದಕ್ಷಿಣದ ಜಾಲ ಉಳಿದ ದೇಶದೊಂದಿಗೆ ಒಂದೇ ಆವರ್ತನದಲ್ಲಿ ಬೆಸೆದುಕೊಂಡದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ. ಅಲ್ಲಿಯವರೆಗೆ ನಮ್ಮದೂ ಒಂಟಿ ಹಡಗೇ. ಇದ್ದದ್ದರಲ್ಲಿ ಹಂಚಬೇಕು, ಹಂಚಿದ ಮೇಲೆ ಬೈಸಿಕೊಳ್ಳಲೂ ಬೇಕು.

ಆರ್ಟೆಮಿಸ್ ಆ ಹಂಚುವ ಕೆಲಸವನ್ನು ಪ್ರಾಮಾಣಿಕವಾಗಿ ತೋರಿಸುತ್ತದೆ. ಎಂಜಿನಿಯರ್ ಪರದೆಯಲ್ಲಿ ಹೊರಗಿನ ನಕ್ಷೆಯಿಲ್ಲ. ಶತ್ರು ಎಡಕ್ಕಿದ್ದಾನೋ ಬಲಕ್ಕಿದ್ದಾನೋ ನನಗೆ ಗೊತ್ತಾಗುವುದಿಲ್ಲ. ಹೊರಗಿನ ಲೋಕ ನನಗೆ ತಲುಪುವುದು ಎರಡೇ ದಾರಿಯಲ್ಲಿ, ಮೊಮ್ಮಗನ ಧ್ವನಿ ಮತ್ತು ನನ್ನೆದುರಿನ ಕಾವಿನ ಪಟ್ಟಿಗಳು. ಟಿವಿಗೆ ಬೆನ್ನು ಮಾಡಿ ಕೂರುವುದನ್ನು ನಾನೇ ರೂಢಿ ಮಾಡಿಕೊಂಡೆ. ಈ ಮೇಜಿಗೆ ಕೂರುವ ಎಲ್ಲರಿಗೂ ಹಾಗೆಯೇ ಕೂರಿರೆಂದು ಹೇಳುತ್ತೇನೆ.

ಕಳೆದ ತಿಂಗಳ ಒಂದು ಸಂಜೆಯನ್ನು ಹೇಳಬೇಕು. ನಾಲ್ಕನೇ ಹಂತದಲ್ಲಿ ಆಡುತ್ತಿದ್ದೆವು. ಎರಡು ಕಾಳಗ ಮುಗಿಸಿ ನಿಲ್ದಾಣದ ಕಡೆ ಹೊರಟಿದ್ದೆವು, ಶಕ್ತಿ 140ಕ್ಕೆ ಇಳಿದಿತ್ತು. ನಿಲ್ದಾಣ ಸೇರಿದರೆ ಶಕ್ತಿ ತುಂಬುತ್ತದೆ, ಸೇರದಿದ್ದರೆ ತೇಲುತ್ತ ನಿಲ್ಲಬೇಕು. ಅಷ್ಟರಲ್ಲಿ ಹಿಂದಿನಿಂದ ಮೂರು ಹಡಗು ಬಂದವು ಎಂದು ವಿಜ್ಞಾನದ ಮೇಜಿನಿಂದ ಕೂಗು. ಮೊಮ್ಮಗ "ಅಜ್ಜಿ, ಹಿಂದಿನ ಕವಚಕ್ಕೆ ಇನ್ನೂರು, ಇಂಪಲ್ಸ್‌ಗೂ ಇನ್ನೂರು" ಎಂದ. ನಾನು "ಹಿಂದಿನ ಕವಚ ಇನ್ನೂರು, ಇಂಪಲ್ಸ್ ಇನ್ನೂರು" ಎಂದು ತಿರುಗಿ ಹೇಳಿ ಎರಡನ್ನೂ ಏರಿಸಿದೆ. ವಾರ್ಪ್, ಟಾರ್ಪಿಡೊ, ಮುಂದಿನ ಕವಚ ಮೂರನ್ನೂ ಶೂನ್ಯಕ್ಕಿಳಿಸಿದೆ. ಕೂಲೆಂಟ್ ಮೂರು ಪಾಲು ಹಿಂದಿನ ಕವಚಕ್ಕೆ, ಮೂರು ಇಂಪಲ್ಸ್‌ಗೆ, ಎರಡು ತಿರುಗಿಸುವ ಯಂತ್ರಕ್ಕೆ. ಅಲ್ಲಿಗೆ ಎಂಟೂ ಮುಗಿಯಿತು.

ಬೀಮ್ ಮಾತ್ರ ಹಿಂದಿನ ಕಾಳಗದಿಂದ ನೂರೈವತ್ತರಲ್ಲೇ ಉಳಿದಿತ್ತು, ಅದಕ್ಕೆ ಒಂದು ಪಾಲು ಕೂಲೆಂಟೂ ಇರಲಿಲ್ಲ. ಪಟ್ಟಿ ಮೇಲಕ್ಕೆ ಏರುತ್ತಲೇ ಇತ್ತು. ನಾನು ನೋಡುವಷ್ಟರಲ್ಲಿ ತುದಿ ಮುಟ್ಟಿತು. ಹಡಗಿನ ಒಳನಕ್ಷೆಯಲ್ಲಿ ಒಂದು ಬಿಂದು ಕೆಟ್ಟಿತು, ಅದರ ಪಕ್ಕದಲ್ಲಿ ಇನ್ನೊಂದು. ದುರಸ್ತಿಗೆ ಮೂರು ತಂಡಗಳಿರುತ್ತವೆ, ತಂಡಕ್ಕೆ ಆರು ಜನ. ಹತ್ತಿರದ ತಂಡವನ್ನು ಅಲ್ಲಿಗೆ ಕಳುಹಿಸಿದೆ. ಆ ಚಿಕ್ಕ ಗುರುತು ಹಡಗಿನ ಉದ್ದಕ್ಕೂ ಕೋಣೆ ದಾಟಿ ಕೋಣೆ ನಡೆಯುವುದನ್ನು ನೋಡುವಾಗ ನನಗೆ ಮಳೆಗಾಲದಲ್ಲಿ ಲೈನ್ ಹುಡುಕಿಕೊಂಡು ಕಾಡಿಗೆ ಹೋಗುತ್ತಿದ್ದ ನಮ್ಮ ಲೈನ್‌ಮನ್‌ಗಳ ನೆನಪು ಬಂತು. ಅವರು ತಲುಪುವವರೆಗೆ ನಿಯಂತ್ರಣ ಕೊಠಡಿಯಲ್ಲಿ ಕೂತವರು ಫೋನ್ ನೋಡುತ್ತ ಕಾಯುವುದು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ.

ಶಕ್ತಿ 60ಕ್ಕೆ ಬಂದಾಗ ನಾನು ಬಾಯಿಬಿಟ್ಟು ಕೇಳಿದೆ: "ಕ್ಯಾಪ್ಟನ್, ಟಾರ್ಪಿಡೊ ಕೊಡುತ್ತೀರಾ?" ಶಸ್ತ್ರಾಸ್ತ್ರದ ಮೇಜಿನಲ್ಲಿ ಟಾರ್ಪಿಡೊವನ್ನು ಮತ್ತೆ ಶಕ್ತಿಯಾಗಿ ಪರಿವರ್ತಿಸುವ ಅವಕಾಶವಿದೆ. ಮಗಳಿಗೆ ಮನಸ್ಸಿರಲಿಲ್ಲ. "ಅಮ್ಮ, ಇರುವುದೇ ಎರಡು" ಎಂದಳು. ಮೊಮ್ಮಗ ಒಂದು ಕ್ಷಣ ಸುಮ್ಮನಿದ್ದು "ಎರಡನ್ನೂ ಕೊಡಿ" ಎಂದ. ನಿಲ್ದಾಣದ ಬಳಿ ಅಳಿಯ ಹಡಗನ್ನು ಕಟ್ಟಿದಾಗ ಶಕ್ತಿ ಇನ್ನೂ ಉಳಿದಿತ್ತು, ಹಿಂದಿನ ಕವಚ ಪೂರ್ತಿ ಹೋಗಿತ್ತು. ಮಗುವಿನ ಹಣೆ ಬೆವರಿತ್ತು. ಹನ್ನೆರಡು ವರ್ಷದ ಹುಡುಗ ಕೈಯಲ್ಲಿರುವ ಕೊನೆಯ ಅಸ್ತ್ರವನ್ನು ಬಿಟ್ಟುಕೊಟ್ಟು ಮನೆ ಸೇರುವ ದಾರಿ ಆರಿಸಿಕೊಂಡದ್ದನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ.

ಹೇಳಿದ್ದನ್ನು ತಿರುಗಿ ಹೇಳುವ ಪದ್ಧತಿ ಆಟದ ನಿಯಮವಲ್ಲ, ನಾನು ತಂದದ್ದು. ನಮ್ಮ ಕೆಲಸದಲ್ಲಿ ಫೋನಿನಲ್ಲಿ ಬಂದ ಪ್ರತಿ ಸೂಚನೆಯನ್ನೂ ಕೇಳಿದವರು ಪುನಃ ಹೇಳಿ, ಹೌದೆಂದ ಮೇಲೆಯೇ ಸ್ವಿಚ್ ಮುಟ್ಟಬೇಕಿತ್ತು. ತಪ್ಪು ಸ್ವಿಚ್ ಹಾಕಿದರೆ ಆ ಕಡೆ ಕೆಲಸ ಮಾಡುತ್ತಿರುವವನ ಜೀವ ಹೋಗುತ್ತದೆ. ಮೊದಲೆರಡು ಭಾನುವಾರ ನಡುಮನೆಯಲ್ಲಿ ಬರೀ ಗದ್ದಲ, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಮೂರನೇ ವಾರದಿಂದ ಈ ಪದ್ಧತಿ ತಂದೆವು. ಗದ್ದಲ ಇಳಿಯಿತು, ಹಂತ ಏರಿತು. ಆಟ ಕೊಂಡವರು ಮೊದಲ ದಿನದಿಂದಲೇ ಇದನ್ನು ರೂಢಿಸಿಕೊಳ್ಳಲಿ.

ಉಳಿದ ಮೇಜುಗಳ ಬಗ್ಗೆ ಚಿಕ್ಕದಾಗಿ. ವಿಜ್ಞಾನದ ಮೇಜು ಮೇಲುನೋಟಕ್ಕೆ ಸಪ್ಪೆ, ಆದರೆ ಶತ್ರುವಿನ ಕವಚ ಯಾವ ಆವರ್ತನಕ್ಕೆ ದುರ್ಬಲ ಎಂದು ಕಂಡುಹಿಡಿಯುವುದು ಅಲ್ಲಿಯೇ. ಅದನ್ನು ಕೇಳಿಸಿಕೊಂಡು ಮಗಳು ಬೀಮ್‌ ಹೊಂದಿಸುತ್ತಾಳೆ. ಪಕ್ಕದ ಮನೆಯ ಹುಡುಗಿ ಇದನ್ನು ಬಹಳ ಚುರುಕಾಗಿ ಮಾಡುತ್ತಾಳೆ. ಸಂಪರ್ಕದ ಮೇಜಿಗೆ ಕೆಲವೊಮ್ಮೆ ಕೆಲಸ ಸಾಲುವುದಿಲ್ಲ. ನಿಲ್ದಾಣಗಳೊಂದಿಗೆ ಮಾತಾಡುವುದು, ಸೋಲುತ್ತಿರುವ ಶತ್ರುವಿಗೆ ಶರಣಾಗೆಂದು ಹೇಳುವುದು, ಅಷ್ಟೇ. ಆಡುವವರು ಐವರೇ ಇದ್ದರೆ ಅದನ್ನೂ ವಿಜ್ಞಾನವನ್ನೂ ಒಬ್ಬರಿಗೆ ಕೊಡಬಹುದು. ಮೂವರಿಗಿಂತ ಕಡಿಮೆ ಜನರಿದ್ದರೆ ಈ ಆಟ ಬೇಡ.

ನನಗೆ ಸರಿ ಕಾಣದ ಸಂಗತಿಗಳೂ ಇವೆ. ಪಟ್ಟಿಯನ್ನು ನೂರರಿಂದ ಮುನ್ನೂರಕ್ಕೆ ಒಂದೇ ಎಳೆತದಲ್ಲಿ ಒಯ್ಯಬಹುದು. ಯಾವ ಯಂತ್ರವೂ ಹಾಗೆ ಏರುವುದಿಲ್ಲ, ಏರಿಸಲೂ ಬಾರದು. ಏರಲು ಒಂದಿಷ್ಟು ಸಮಯ ತೆಗೆದುಕೊಳ್ಳುವಂತೆ ಮಾಡಿದ್ದರೆ ಎಂಜಿನಿಯರ್ ಮುಂಚಿತವಾಗಿ ಯೋಚಿಸಬೇಕಾಗುತ್ತಿತ್ತು, ಕ್ಯಾಪ್ಟನ್ ಮುಂಚಿತವಾಗಿ ಹೇಳಬೇಕಾಗುತ್ತಿತ್ತು. ಇನ್ನೊಂದು, ಕೆಲವು ಹೊಂದಿಕೆಗಳನ್ನು ಮೊದಲೇ ಉಳಿಸಿಟ್ಟು ಸಂಖ್ಯೆಯ ಕೀಲಿ ಒತ್ತಿ ತಕ್ಷಣ ತರಿಸಿಕೊಳ್ಳಬಹುದು. ಅನುಕೂಲವೇನೋ ಹೌದು, ಆದರೆ ಹೊಸಬರು ಅದಕ್ಕೆ ಅಂಟಿಕೊಂಡರೆ ಕಾವಿನ ಪಟ್ಟಿ ನೋಡುವುದನ್ನೇ ಮರೆಯುತ್ತಾರೆ. ನಾನು ಒಂದು ತಿಂಗಳು ಅದನ್ನು ಮುಟ್ಟಲಿಲ್ಲ. ಈಗ ಎರಡನ್ನು ಮಾತ್ರ ಇಟ್ಟುಕೊಂಡಿದ್ದೇನೆ, ದೂರದ ಪಯಣಕ್ಕೊಂದು, ಕಾಳಗಕ್ಕೊಂದು. ಪಯಣದ ಹೊಂದಿಕೆಯಲ್ಲಿ ಬೀಮ್, ಟಾರ್ಪಿಡೊ, ಎರಡೂ ಕವಚ ಪೂರ್ತಿ ಇಳಿದಿರುತ್ತವೆ. ಅದರಿಂದ ಉಳಿಯುವ ಶಕ್ತಿ ಕಡಿಮೆಯದಲ್ಲ.

ಪರದೆಯ ಮೇಲಿನ ಬರಹವೆಲ್ಲ ಇಂಗ್ಲಿಷ್. ನಮ್ಮ ಮನೆಯಲ್ಲಿ ಆಜ್ಞೆಗಳೆಲ್ಲ ಕನ್ನಡದಲ್ಲೇ ನಡೆಯುತ್ತವೆ, ಯಾರಿಗೂ ತೊಡಕಾಗಿಲ್ಲ. "ಬಲಕ್ಕೆ ತಿರುಗಿಸಿ", "ಕಾವು ಏರುತ್ತಿದೆ", "ಕವಚ ಎತ್ತಿ" ಎಂಬ ಮಾತುಗಳು ಇಂಗ್ಲಿಷ್ ಆಜ್ಞೆಗಳಿಗಿಂತ ಬೇಗ ಕೈಗೆ ಇಳಿಯುತ್ತವೆ.

ಕೊಳ್ಳುವ ಮುಂಚೆ ಪರೀಕ್ಷಿಸಿ ನೋಡಬೇಕೆಂದವರಿಗೆ ಎಂಪ್ಟಿಎಪ್ಸಿಲಾನ್ ಎಂಬ ಉಚಿತ ಮುಕ್ತ ತಂತ್ರಾಂಶವಿದೆ. ಆರ್ಟೆಮಿಸ್‌ನಿಂದಲೇ ಪ್ರೇರಣೆ ಪಡೆದದ್ದು, ಲಿನಕ್ಸ್‌ನಲ್ಲೂ ನಡೆಯುತ್ತದೆ. ಅದರಲ್ಲಿ ಎಂಜಿನಿಯರ್‌ಗೆ ರಿಯಾಕ್ಟರ್ ಕೂಡ ಪ್ರತ್ಯೇಕ ವ್ಯವಸ್ಥೆಯಾಗಿ ಸಿಗುತ್ತದೆ. ಶಕ್ತಿ ಎಲ್ಲಿಂದ ಬರುತ್ತದೆ ಎಂಬುದು ಕಣ್ಣೆದುರು ಇರುವುದು ನನಗೆ ಬಹಳ ಹಿಡಿಸಿತು. ಹೊಂದಿಸುವುದು ಮಾತ್ರ ಸ್ವಲ್ಪ ಕಷ್ಟ, ಮೊದಲ ಸಲ ಅಳಿಯನಿಗೆ ಎರಡು ಸಂಜೆ ಹಿಡಿಯಿತು. ಮಕ್ಕಳೊಂದಿಗೆ ಶುರುಮಾಡಲು ಆರ್ಟೆಮಿಸ್ ಸುಲಭ: ಒಂದು ಕಂಪ್ಯೂಟರ್ ಸರ್ವರ್ ಆಗುತ್ತದೆ, ಉಳಿದವರು ಅದರ ಐಪಿ ವಿಳಾಸ ಕೊಟ್ಟು ಸೇರಿಕೊಳ್ಳುತ್ತಾರೆ.

ಮನೆಯ ತಯಾರಿಯ ಬಗ್ಗೆ ಒಂದು ಮಾತು. ಜೂನ್‌ನ ಒಂದು ಭಾನುವಾರ ಮಳೆಗಾಳಿಗೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿ ಉಳಿದವು, ರೌಟರ್ ಆರಿತು, ಐದೂ ಮೇಜುಗಳು ಹಡಗಿನಿಂದ ಕಳಚಿಕೊಂಡವು. ಆ ವಾರವೇ ರೌಟರ್‌ಗೆ ಪ್ರತ್ಯೇಕವಾಗಿ ಒಂದು ಸಣ್ಣ ಯುಪಿಎಸ್ ತಂದು ಇಟ್ಟೆ. ಟಿವಿಗೆ ಜೋಡಿಸಿದ ಕಂಪ್ಯೂಟರ್‌ಗೆ ವೈಫೈ ಬಿಟ್ಟು ಕೇಬಲ್ ಎಳೆಸಿದೆ. ಅಂದಿನಿಂದ ತಡವರಿಕೆಯಿಲ್ಲ.

ಮೊದಲ ನಾಲ್ಕು ಆಟ ಒಂದನೇ ಹಂತದಲ್ಲೇ ಆಡಿ. ಎಂಜಿನಿಯರಿಂಗ್ ಮೇಜಿಗೆ ಮನೆಯಲ್ಲಿ ತಾಳ್ಮೆಯಿರುವವರನ್ನು ಕೂರಿಸಿ, ಕಂಪ್ಯೂಟರ್ ಹೆಚ್ಚು ಬಲ್ಲವರೇ ಆಗಬೇಕೆಂದಿಲ್ಲ. ನಮ್ಮ ಮನೆಯಲ್ಲಿ ಈ ವಾರ ಆ ಜಾಗ ಪಕ್ಕದ ಮನೆಯ ಹುಡುಗಿಗೆ ಹೋಗುತ್ತಿದೆ, ಅವಳೇ ಕೇಳಿಕೊಂಡಳು. ಕೂಲೆಂಟಿನ ಎಂಟು ಪಾಲುಗಳನ್ನು ಹಂಚುವ ಅಭ್ಯಾಸಕ್ಕೆಂದು ಎಂಟು ಹುಣಸೆಬೀಜ ತಂದು ಊಟದ ಮೇಜಿನ ಮೇಲೆ ಜೋಡಿಸಿಕೊಂಡು ಕೂತಿದ್ದಾಳೆ. ನಾನು ವಿಜ್ಞಾನದ ಮೇಜಿಗೆ ಹೋಗುತ್ತೇನೆ.