ಡಿಫ್ಯೂಸರ್, ದೀಪದ ಬರ್ನರ್, ಕಡ್ಡಿ ಬಾಟಲಿ, ಮಣ್ಣಿನ ತಟ್ಟೆ: ನಮ್ಮ ಮನೆಗೆ ಒಗ್ಗಿದ್ದು ಯಾವುದು?

ನೀಲಗಿರಿ, ನಿಂಬೆಯಂಥ ಸುಗಂಧದ ಎಣ್ಣೆಗಳ ಪರಿಮಳವನ್ನು ಮನೆಯಲ್ಲಿ ಹರಡಲು ಯಾವುದು ವಾಸಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಣ್ಣಿನ ತಟ್ಟೆಗೆ. ಸುಮಾರು 2,000 ರೂಪಾಯಿ ಕೊಟ್ಟು ತಂದ ಅಲ್ಟ್ರಾಸೋನಿಕ್ ಡಿಫ್ಯೂಸರ್, ಅಂದರೆ ಎಣ್ಣೆ ಹನಿಸಿದ ನೀರನ್ನು ಮಂಜಿನ ಹಾಗೆ ಹರಡುವ ಕರೆಂಟಿನ ಯಂತ್ರ, ಅಟ್ಟ ಸೇರಿದೆ. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ 50 ರೂಪಾಯಿಗೆ ಸಿಕ್ಕ, ಬಣ್ಣ ಪಾಲಿಶ್ ಏನೂ ಇಲ್ಲದ ಅಂಗೈ ಅಗಲದ ತಟ್ಟೆ ದಿನಾ ಸಂಜೆ ಹಾಲ್‌ನಲ್ಲಿ ಕೆಲಸ ಮಾಡುತ್ತಿದೆ.

ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಅಮ್ಮನಿಗೆ ಚಳಿಗಾಲದಲ್ಲಿ ವೀಸಿಂಗ್ ಬರುತ್ತದೆ. ಹಾಗಾಗಿ ಎಷ್ಟು ದೂರ ಪರಿಮಳ ಹೋಗುತ್ತದೆ ಅನ್ನುವುದು ನನಗೆ ಆಮೇಲಿನ ಮಾತು. ಬೆಂಕಿ ಇದೆಯಾ? ಎಷ್ಟು ಎಣ್ಣೆ ತೆರೆದಿರುತ್ತದೆ? ಯಾರಿಗಾದರೂ ಕೆಮ್ಮು ಬಂದರೆ ತಕ್ಷಣ ನಿಲ್ಲಿಸಬಹುದಾ? ನಾನು ನೋಡಿದ್ದು ಇಷ್ಟನ್ನೇ.

ಡಿಫ್ಯೂಸರ್‌ನ ನಿಜವಾದ ತಲೆನೋವು ಎಣ್ಣೆಯಲ್ಲ, ನೀರು. ಅಂಗಡಿಯವರು ಇದನ್ನು ಹೇಳುವುದೇ ಇಲ್ಲ. ಇದರ ತಳದಲ್ಲಿ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಅದು ಸೆಕೆಂಡಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಸಲ ಅದುರಿ ನೀರನ್ನು ಸಣ್ಣ ಹನಿಗಳಾಗಿ ಒಡೆದು ಮೇಲಕ್ಕೆ ಎಸೆಯುತ್ತದೆ. ನೋಡಲು ಹಬೆಯ ಹಾಗಿದ್ದರೂ ಅದು ಹಬೆಯಲ್ಲ. ನೀರು ಕಾಯಿಸಿದರೆ ಉಪ್ಪಿನಂಶ ಪಾತ್ರೆಯಲ್ಲೇ ಉಳಿಯುತ್ತದೆ. ಇಲ್ಲಿ ಅದೂ ಹನಿಯ ಜೊತೆ ಗಾಳಿಗೆ ಹೋಗುತ್ತದೆ. ನಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್ ನೀರು, ಬಕೆಟ್ ಮೇಲೆ ಬಿಳಿ ಗೆರೆ ಕೂರುವಷ್ಟು ಗಡಸು. ಹಾಗಿದ್ದ ಮೇಲೆ ಕೇಳಬೇಕೇ? ಟಿವಿ ಮೇಲೆ, ಕಪ್ಪು ಟೀಪಾಯಿ ಮೇಲೆ ತೆಳ್ಳಗೆ ಬಿಳಿ ಪುಡಿ. ಒರೆಸಿದರೆ ಗೀರು ಗೀರು. ಟಿವಿ ಮೇಲೆ ಕೂತ ಪುಡಿ ಅಮ್ಮನ ಎದೆಯೊಳಗೂ ಹೋಗುತ್ತಿದೆ ಅಲ್ವಾ ಅಂತ ಅನ್ನಿಸಿದ ದಿನವೇ ನನ್ನ ಮನಸ್ಸು ಮುರಿಯಿತು.

ಆರ್‌ಓ ನೀರು ಹಾಕಿ ನೋಡಿದೆ. ಪುಡಿ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಜೊತೆಗೆ ತೊಳೆಯುವ ಕೆಲಸ ಬೇರೆ. ಬಳಸಿದ ಮೇಲೆ ನೀರು ಚೆಲ್ಲಿ ಒಣಗಿಸದಿದ್ದರೆ ಮರುದಿನ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ. ತೊಟ್ಟಿಯ ಒಳಗೋಡೆಗೆ ಅಂಟಂಟು ಎಣ್ಣೆ. ಬಿಲ್ಲೆಯ ಮೇಲೆ ಉಪ್ಪು ಕಟ್ಟಿದರೆ ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಮೆತ್ತಗೆ ಉಜ್ಜಬೇಕು, ಉಗುರು ತಾಗಿಸುವ ಹಾಗಿಲ್ಲ. ಕೊನೆಗೆ ನಿಂಬೆ ಎಣ್ಣೆ ತಾಗಿ ಮುಚ್ಚಳದ ಪ್ಲಾಸ್ಟಿಕ್ ಮಬ್ಬಾಯಿತು, ಆಮೇಲೆ ಬಿರುಕು ಬಿಟ್ಟಿತು. ಕಂಪನಿಗೆ ಫೋನ್ ಮಾಡಿದರೆ ‘ಸಿಟ್ರಸ್ ಎಣ್ಣೆ ಹಾಕಬಾರದು ಮೇಡಂ’ ಅಂದರು. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಆ ಮಾತೇ ಇಲ್ಲ. ನಿಂಬೆ, ಕಿತ್ತಳೆ ಎಣ್ಣೆಗಳಲ್ಲಿರುವ ಲಿಮೊನೀನ್ ಥರ್ಮೋಕೋಲನ್ನೇ ಕರಗಿಸುತ್ತದೆ. ಅದರ ಮುಂದೆ ಅಗ್ಗದ ಪ್ಲಾಸ್ಟಿಕ್ ಯಾವ ಲೆಕ್ಕ?

ಪರಿಮಳವನ್ನು ಹಾಲ್ ತುಂಬ ಒಂದೇ ಸಮ ಹರಡುವುದರಲ್ಲಿ ಮಾತ್ರ ಡಿಫ್ಯೂಸರ್‌ಗೆ ಸಾಟಿ ಇಲ್ಲ. 100 ಮಿ.ಲೀ. ನೀರಿಗೆ ಮೂರು ನಾಲ್ಕು ಹನಿ, ಕಿಟಕಿ ತೆರೆದು ಅರ್ಧ ಗಂಟೆ, ಅಷ್ಟು ಸಾಕು. ರಾತ್ರಿಯಿಡೀ ಓಡಿಸುವುದು ಬೇಡವೇ ಬೇಡ.

ದೀಪದ ಬರ್ನರ್ ಎಲ್ಲಕ್ಕಿಂತ ಚೆಂದ. ಕೆಳಗೆ ಟೀ ಲೈಟ್, ಮೇಲೆ ಬಟ್ಟಲಲ್ಲಿ ನೀರು ಮತ್ತು ಎಣ್ಣೆ. ಆದರೆ ನೀರು ಆರುವುದು ಮೊದಲು, ದೀಪ ಆರುವುದು ಆಮೇಲೆ. ನಡುವೆ ಒಣ ಬಟ್ಟಲಲ್ಲಿ ಎಣ್ಣೆ ಸೀದು ಗಂಟಲು ಕೆರೆಯುವ ವಾಸನೆ ಬರುತ್ತದೆ. ನೀಲಗಿರಿ ಎಣ್ಣೆಯ ಆವಿಗೆ ಸುಮಾರು 50 ಡಿಗ್ರಿ ಶಾಖದಲ್ಲೇ ಬೆಂಕಿ ಹತ್ತಬಹುದು. ದೀಪ ಉರಿಯುತ್ತಿರುವಾಗ ಮೇಲಿಂದ ಎಣ್ಣೆ ಹನಿಸುವವರು ಇದನ್ನು ನೆನಪಿಡಬೇಕು. ಮಕ್ಕಳಿರುವ ಮನೆಗೆ ನಾನಂತೂ ಇದನ್ನು ಹೇಳುವುದಿಲ್ಲ.

ಕರೆಂಟಿನ ಕರ್ಪೂರದಾನಿ: ಬಿಸಿ ಜಾಸ್ತಿ, ವಾಸನೆ ಒರಟು, ಬೇಡ.

ಕಡ್ಡಿ ಬಾಟಲಿ, ಅದೇ ರೀಡ್ ಡಿಫ್ಯೂಸರ್ (ಸುಗಂಧದ ದ್ರವದಲ್ಲಿ ನಿಲ್ಲಿಸಿದ ಕಡ್ಡಿಗಳು ಅದನ್ನು ಹೀರಿ ವಾಸನೆ ಬಿಡುವ ಬಾಟಲಿ), ನೋಡಲು ಸಾಧು. ನನಗೆ ಮಾತ್ರ ಇದೇ ಎಲ್ಲಕ್ಕಿಂತ ಭಯ. 50 ಅಥವಾ 100 ಮಿ.ಲೀ. ದ್ರವ ಬಾಯಿ ತೆರೆದ ಬಾಟಲಿಯಲ್ಲಿ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ನಿಂತಿರುತ್ತದೆ. ಆಫ್ ಮಾಡುವ ಗುಂಡಿ ಇಲ್ಲ. ಹಗಲು ರಾತ್ರಿ ವಾಸನೆ ಬರುತ್ತಲೇ ಇರುತ್ತದೆ.

ಈಗ ನನ್ನ ತಟ್ಟೆ. ಸುಟ್ಟ ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವಲ್ಲ, ಅವು ಎಣ್ಣೆ ಹೀರಿಕೊಂಡು ನಿಧಾನವಾಗಿ ಬಿಡುತ್ತವೆ. ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ ಒಂದು ಹನಿ ಬಿಟ್ಟರೆ ಕೆಂಪು ಮಣ್ಣಿನ ಮೇಲೆ ರೂಪಾಯಿ ಅಗಲದ ಕಪ್ಪು ಮಚ್ಚೆ ಮೂಡಿ, ನೋಡನೋಡುತ್ತಿದ್ದಂತೆ ಅಂಚು ಮಾಸುತ್ತದೆ. ಮೂರು ಹನಿ ಅಂದರೆ ಹೆಚ್ಚುಕಡಿಮೆ 0.15 ಮಿ.ಲೀ. ತಟ್ಟೆ ಬಿದ್ದರೂ ಚೆಲ್ಲಲು ಏನೂ ಇಲ್ಲ. ನೀರಿಲ್ಲ, ಬೆಂಕಿಯಿಲ್ಲ, ಕರೆಂಟ್ ಹೋದರೂ ಚಿಂತೆಯಿಲ್ಲ. ಅಮ್ಮ ಕೆಮ್ಮಿದರೆ ಎತ್ತಿ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತೇನೆ. ವಾಸನೆ ಸೋಫಾ ಸುತ್ತ ಮಾತ್ರ ಇರುತ್ತದೆ, ಅಡುಗೆಮನೆ ತನಕ ಬರುವುದಿಲ್ಲ. ನನಗೆ ಅಷ್ಟೇ ಬೇಕಿತ್ತು. ಮರದ ಮೇಲೆ ನೇರವಾಗಿ ಇಟ್ಟರೆ ಎಣ್ಣೆ ಇಳಿದು ಪಾಲಿಶ್ ಕಿತ್ತುಹೋಗುತ್ತದೆ, ಕೆಳಗೆ ಸ್ಟೀಲ್ ತಟ್ಟೆ ಇರಲಿ.

ಯಾವುದನ್ನು ಕೊಂಡರೂ ಮನೆಯಲ್ಲಿ ನಿಜವಾದ ಅಪಾಯ ಇರುವುದು ಎಣ್ಣೆಯ ಬಾಟಲಿಯಲ್ಲಿ. ‘ಮಜ್ಜಿಗೆ ಹುಲ್ಲಿನ ಕಷಾಯ ಕುಡಿಯುತ್ತೇವಲ್ಲ, ಎಣ್ಣೆಯೂ ಅದೇ ತಾನೇ’ ಅಂತ ನಮ್ಮ ಅತ್ತೆ ಕೇಳಿದ್ದರು. ಅಲ್ಲ. ಕಷಾಯಕ್ಕೆ ಹಾಕುವುದು ನಾಲ್ಕು ಎಸಳು. 10 ಮಿ.ಲೀ. ಬಾಟಲಿಯಲ್ಲಿ ಇರುವುದು ಕಿಲೋಗಟ್ಟಲೆ ಹುಲ್ಲಿನ ಸಾರ. ನೀಲಗಿರಿ ಎಣ್ಣೆ ಒಂದು ಟೀ ಚಮಚ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು. ಕರ್ಪೂರವೂ ಹಾಗೇ. ಈ ಎರಡರ ಎಣ್ಣೆ ಮೂಸಿ, ಹಚ್ಚಿಕೊಂಡು ಫಿಟ್ಸ್ ಬಂದ ದೊಡ್ಡವರ ಬಗ್ಗೆಯೂ ಬೆಂಗಳೂರಿನ ನರರೋಗ ವೈದ್ಯರು ಬರೆದಿದ್ದಾರೆ. ಅದಕ್ಕೇ ಶೀತ ಆದಾಗ ಚಿಕ್ಕ ಮಕ್ಕಳ ಮೂಗಿನ ಹತ್ತಿರ ನೀಲಗಿರಿ ಹಚ್ಚುವ ಅಭ್ಯಾಸವನ್ನು ನಮ್ಮ ಮನೆಯಲ್ಲಿ ಬಿಟ್ಟಿದ್ದೇವೆ. ಮಗು ಎಣ್ಣೆ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ಬೆಕ್ಕು ಸಾಕಿದವರು ಟೀ ಟ್ರೀ ಎಣ್ಣೆ ತರಲೇಬೇಡಿ. ಬೆಕ್ಕಿನ ಮೈಗೆ ಅದನ್ನು ಅರಗಿಸುವ ಶಕ್ತಿ ಇಲ್ಲ.

ದೊಡ್ಡವರು ಮೈಗೆ ಹಚ್ಚಿಕೊಳ್ಳುವುದಾದರೆ 30 ಮಿ.ಲೀ. ಕೊಬ್ಬರಿ ಎಣ್ಣೆಗೆ ಆರು ಹನಿ, ಅಂದರೆ ಶೇ. 1. ಮೊದಲು ಮೊಣಕೈ ಒಳಬದಿಗೆ ಚೂರು ಹಚ್ಚಿ ಒಂದು ದಿನ ಕಾಯಿರಿ. ಏನೂ ಬೆರೆಸದ ಸುಗಂಧದ ಎಣ್ಣೆ ತಾಗಿ ಉರಿದರೆ ಮೊದಲು ಕೊಬ್ಬರಿ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಮಾತ್ರ ಧಾರಾಳ ನೀರು, ತಡಮಾಡದೆ ಡಾಕ್ಟರ್. ಹಾಂ, 200 ರೂಪಾಯಿಗೆ ಸಿಗುವ ‘ಶುದ್ಧ ಗಂಧದೆಣ್ಣೆ’ಯನ್ನು ಮೈಗೂ ಹಚ್ಚಬೇಡಿ, ತಟ್ಟೆಗೂ ಹಾಕಬೇಡಿ. ಅಸಲಿ ಆ ಬೆಲೆಗೆ ಬರಲು ಸಾಧ್ಯವೇ ಇಲ್ಲ.

ಕಾವೇರಿ ನೀರು ಬರುವ ಮನೆ, ದೊಡ್ಡ ಹಾಲ್, ದಿನಾ ತೊಳೆಯುವ ತಾಳ್ಮೆ, ಇಷ್ಟಿದ್ದು ಡಿಫ್ಯೂಸರ್ರೇ ಬೇಕು ಅಂದರೆ ಕೊಳ್ಳಿ. ಆದರೆ ಅಂಗಡಿಯಲ್ಲೇ ತಿರುಗಿಸಿ ನೋಡಿ. ತೊಟ್ಟಿಯ ಪ್ಲಾಸ್ಟಿಕ್ ಮೇಲೆ ಪಿಪಿ (ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್) ಅಂತ ಗುರುತಿರಬೇಕು, ನೀರು ಮುಗಿದಾಗ ತಾನೇ ಆಫ್ ಆಗಬೇಕು. ಬಿಲ್ಲೆಯನ್ನು ಒರೆಸಲು ಬೆರಳು ಒಳಗೆ ಹೋಗುವಷ್ಟು ಬಾಯಿ ಅಗಲ ಇರಬೇಕು. ಇಷ್ಟರಲ್ಲಿ ಒಂದು ಇಲ್ಲದಿದ್ದರೂ ಆ 2,000 ರೂಪಾಯಿಯನ್ನು ಒಳ್ಳೆಯ ಎಣ್ಣೆಗೆ ಹಾಕಿ.