ವಿಂಡೋಸ್ 10 ಆದ ಮೇಲೆ ಯಾವುದು? ವಿಂಡೋಸ್ 11, ಉಬುಂಟು, ಮಿಂಟ್ ಮೂರನ್ನೂ ಹಾಕಿ ನೋಡಿ ಮಿಂಟ್ ಉಳಿಸಿಕೊಂಡೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯ ಕಂಪ್ಯೂಟರಿನಲ್ಲಿ ಈಗ ಇರುವುದು ಲಿನಕ್ಸ್ ಮಿಂಟ್, ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಒಂದು ಉಚಿತ ಆಪರೇಟಿಂಗ್ ಸಿಸ್ಟಂ. ಉಬುಂಟು ಕೂಡ ಅಂಥದ್ದೇ. ವಿಂಡೋಸ್ 11, ಉಬುಂಟು ಎರಡನ್ನೂ ಇದೇ ಯಂತ್ರದಲ್ಲಿ ಹಾಕಿ ನೋಡಿದ ಮೇಲೆ ಉಳಿಸಿಕೊಂಡದ್ದು ಇದು. ಇದು ನನಗೆ ತುಂಬಾ ಹಿಡಿಸಿದೆ. ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ಮಿಂಟ್ ಕಡೆಗೆ ಒಲವು ಕಂಡರೆ ಅದು ನಿಜವಾದ ಒಲವೇ.

ಬದಲಾಯಿಸಲು ಕಾರಣ ಎಲ್ಲರಿಗೂ ಗೊತ್ತಿರುವುದೇ. ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಕಂಪ್ಯೂಟರ್ ಅವತ್ತೇ ಕೆಲಸ ನಿಲ್ಲಿಸುವುದಿಲ್ಲ, ಮೊದಲಿನ ಹಾಗೇ ಓಡುತ್ತದೆ. ಆದರೆ ಅದರಲ್ಲಿ ಹೊಸದಾಗಿ ಕಾಣಿಸುವ ತೂತುಗಳು ಹಾಗೇ ಉಳಿಯುತ್ತವೆ. ಬ್ಯಾಂಕ್ ಕೆಲಸ, ಮನೆಯವರ ಕಾಗದಪತ್ರ, ಹಳೆಯ ಫೋಟೋ ಎಲ್ಲ ಇರುವ ಯಂತ್ರವನ್ನು ಹಾಗೇ ಇಂಟರ್‌ನೆಟ್ಟಿಗೆ ಜೋಡಿಸಿಡಲು ನನಗೆ ಧೈರ್ಯ ಬರಲಿಲ್ಲ.

ನಮ್ಮದು 7ನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ್‍ಯಾಮ್. ಗಟ್ಟಿಮುಟ್ಟಾಗಿದೆ. ಹೊಸ ಕಂಪ್ಯೂಟರಿಗೆ ದುಡ್ಡು ಹಾಕುವ ಯೋಚನೆ ನನಗಿರಲಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿದ್ದಷ್ಟೇ ಖರ್ಚು. ನಿಮ್ಮದರಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕೇ ಇದ್ದರೆ ಮೊದಲು ಅದನ್ನು ಬದಲಾಯಿಸಿ. ಅದರಿಂದ ಸಿಗುವಷ್ಟು ವೇಗ ಬರೀ ಆಪರೇಟಿಂಗ್ ಸಿಸ್ಟಂ ಬದಲಾಯಿಸಿದರೆ ಸಿಗುವುದಿಲ್ಲ.

ವಿಂಡೋಸ್ 11ರಿಂದ ಶುರು ಮಾಡೋಣ. ಇದು ಕೇಳುವುದು ಎರಡು ಮುಖ್ಯ ಸಂಗತಿ. ಒಂದು, ಟಿಪಿಎಂ 2.0, ಅಂದರೆ ಗೂಢಲಿಪಿಯ ಕೀಲಿಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ವ್ಯವಸ್ಥೆ. ಇನ್ನೊಂದು, ಅವರ ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಈಚಿನದಾಗಿರಬೇಕು. ಇಲ್ಲಿ ಒಂದು ಮಾತು: ಟಿಪಿಎಂ ಇಲ್ಲ ಎಂದು ಬಂದ ತಕ್ಷಣ ನಂಬಬೇಡಿ. ಎಷ್ಟೋ ಮದರ್‌ಬೋರ್ಡುಗಳಲ್ಲಿ ಅದು ಇರುತ್ತದೆ, ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಅಂತಲೂ ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತಲೂ ಹೆಸರಿರುತ್ತದೆ. ಅದನ್ನು ಆನ್ ಮಾಡಿ ಮತ್ತೆ ಪರೀಕ್ಷೆ ಮಾಡಿ. ನಮ್ಮದರಲ್ಲಿ ಟಿಪಿಎಂ ಆನ್ ಆಯಿತು, ಪ್ರೊಸೆಸರ್ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ.

ಪಟ್ಟಿಯಲ್ಲಿ ಇಲ್ಲದಿದ್ದರೂ ಹಾಕಲು ದಾರಿ ಇದೆ. ರೂಫಸ್ ಎಂಬ ಉಚಿತ ಪ್ರೋಗ್ರಾಂ ಈ ಪರೀಕ್ಷೆಗಳನ್ನು ದಾಟಿಸುವಂಥ ಪೆನ್‌ಡ್ರೈವ್ ಮಾಡಿಕೊಡುತ್ತದೆ. ಹಾಗೆ ಹಾಕಿದೆ. ಚೆನ್ನಾಗಿಯೇ ಓಡಿತು. ಫೈಲುಗಳು, ಹಳೆಯ ಪ್ರೋಗ್ರಾಂಗಳು ಇದ್ದಲ್ಲೇ ಇದ್ದವು. ಕಿಟಕಿಗಳನ್ನು ಅಕ್ಕಪಕ್ಕ ಜೋಡಿಸುವ ಅನುಕೂಲ ನಿಜಕ್ಕೂ ಚೆನ್ನಾಗಿದೆ.

ಆದರೂ ಬಿಟ್ಟೆ. ಇಂಥ ಯಂತ್ರಕ್ಕೆ ಅಪ್‌ಡೇಟ್ ಬರುತ್ತದೆ ಎಂಬ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಸಣ್ಣ ಅಪ್‌ಡೇಟುಗಳು ಸಾಮಾನ್ಯವಾಗಿ ಬರುತ್ತವೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಮಾತ್ರ ನಾವೇ ಪೆನ್‌ಡ್ರೈವ್ ಹಿಡಿದು ಹಾಕಬೇಕು. 2024ರ 24ಎಚ್2 ಆವೃತ್ತಿ ಬಂದಾಗ ಪ್ರೊಸೆಸರಿನಲ್ಲಿ ಇನ್ನೂ ಕೆಲವು ಸೌಲಭ್ಯ ಇರಲೇಬೇಕು ಎಂದಾಯಿತು. ಅವು ಇಲ್ಲದ ತೀರಾ ಹಳೆಯ ಯಂತ್ರಗಳಲ್ಲಿ ಆ ಆವೃತ್ತಿ ಬೂಟ್ ಆಗುವುದೇ ಇಲ್ಲ. ನಮ್ಮ ಪ್ರೊಸೆಸರಿಗೆ ಆ ತೊಂದರೆ ಬರಲಿಲ್ಲ. ಆದರೆ ಮುಂದಿನ ವರ್ಷ ಯಾವ ಬಾಗಿಲು ಮುಚ್ಚುತ್ತದೋ ಎಂದು ಕಾಯುತ್ತಾ ಕೂರುವುದು ನನಗೆ ಬೇಡವಾಗಿತ್ತು. ಅಪ್ಪ ಅಮ್ಮ ಬಳಸುವ ಯಂತ್ರ ಇದು. ನಾನು ಊರಲ್ಲಿ ಇಲ್ಲದಾಗಲೂ ತನ್ನಷ್ಟಕ್ಕೆ ತಾನು ನಡೆಯಬೇಕು.

ವಿಂಡೋಸ್ 10ರಲ್ಲೇ ಇರುವುದೂ ಒಂದು ದಾರಿ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಿದ್ದರು. ಯೋಚಿಸಲು ಸಮಯ ಸಿಗುತ್ತದೆ, ಅಷ್ಟೇ.

ಉಬುಂಟು 24.04 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳ್ಳೆಯ ಸಿಸ್ಟಂ, ಐದು ವರ್ಷ ಅಪ್‌ಡೇಟ್ ಬರುತ್ತದೆ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಕೆಳಗಿನ ಪಟ್ಟಿ, ಎಡಮೂಲೆಯ ಮೆನುಗೆ ಒಗ್ಗಿಹೋದವರು. ಉಬುಂಟುವಿನಲ್ಲಿ ಐಕಾನುಗಳ ಸಾಲು ಎಡಬದಿಗೆ ನಿಂತಿರುತ್ತದೆ, ಪ್ರೋಗ್ರಾಂ ಹುಡುಕಲು ಪರದೆಪೂರ್ತಿ ಐಕಾನ್ ತೆರೆದುಕೊಳ್ಳುತ್ತದೆ. "ನನ್ನ ಫೋಟೋ ಎಲ್ಲಿ ಹೋಯಿತು?" ಎಂದು ಅಮ್ಮ ಕೇಳುವುದು ನಿಲ್ಲಲಿಲ್ಲ. ಬದಲಾಯಿಸಿಕೊಳ್ಳಬಹುದು, ನಿಜ. ಮಿಂಟ್‌ನಲ್ಲಿ ಬದಲಾಯಿಸುವ ಕೆಲಸವೇ ಇಲ್ಲವಲ್ಲ.

ಮಿಂಟ್ ಕೂಡ ಉಬುಂಟುವಿನ ಬುನಾದಿಯ ಮೇಲೇ ನಿಂತಿದೆ. ನಾನು ಹಾಕಿದ್ದು 22ರ ಸರಣಿ. ಅದರ ಅಡಿಪಾಯ ಉಬುಂಟು 24.04. ಇದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಪರದೆಯ ನೋಟ, ಮೆನು ಬೇರೆಬೇರೆ ಇರುವ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂದು ಮೂರು ಬಗೆ ಸಿಗುತ್ತದೆ. 8 ಜಿಬಿ ರ್‍ಯಾಮ್ ಇದ್ದರೆ ಕಣ್ಣುಮುಚ್ಚಿ ಸಿನಮನ್ ಹಾಕಿ. 4 ಜಿಬಿಯಾದರೆ ಎಕ್ಸ್‌ಎಫ್‌ಸಿಇ ಹಗುರ.

ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಡಿಸ್ಕಿಗೆ ಏನೂ ಆಗುವುದಿಲ್ಲ. ವೈಫೈ ಬರುತ್ತದೆಯೇ, ಶಬ್ದ ಕೇಳುತ್ತದೆಯೇ, ಪ್ರಿಂಟರ್ ಕಾಣುತ್ತದೆಯೇ ಎಂದೆಲ್ಲ ಅಲ್ಲೇ ನೋಡಿಕೊಂಡು ಆಮೇಲೆ ನಿರ್ಧಾರ ಮಾಡಬಹುದು. ಪ್ರಿಂಟರಿಗೆ ಡ್ರೈವರ್ ಹಾಕುವುದೇ ಬೇಕಾಗಲಿಲ್ಲ. ಬ್ಲೂಟೂತ್ ಸರಿ. ವಿಡಿಯೋ ಕಾಲ್ ಸರಿ.

ಈಗ ನನ್ನ ತಲೆ ತಿಂದ ಸಂಗತಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಹಾಕುವ ಯಾರಿಗೆ ಬೇಕಾದರೂ ಇದು ಎದುರಾಗಬಹುದು.

ಶುರುವಿನಲ್ಲಿ ನಾನು ವಿಂಡೋಸ್ 10 ಅಳಿಸದೆ ಡ್ಯುಯಲ್ ಬೂಟ್ ಮಾಡಿದ್ದೆ, ಅಂದರೆ ಎರಡೂ ಸಿಸ್ಟಂ ಇಟ್ಟುಕೊಂಡು ಆನ್ ಮಾಡುವಾಗ ಬೇಕಾದ್ದನ್ನು ಆರಿಸಿಕೊಳ್ಳುವುದು. ಫೋಟೋ, ಕಾಗದಪತ್ರ ಎಲ್ಲ ಡಿ ಡ್ರೈವಿನಲ್ಲಿ. ಎರಡು ಕಡೆಯಿಂದಲೂ ಅದನ್ನೇ ಬಳಸುವುದು ಎಂಬ ಲೆಕ್ಕ. ಮಿಂಟ್‌ನಲ್ಲಿ ಡಿ ಡ್ರೈವ್ ತೆರೆದುಕೊಂಡಿತು, ಫೋಟೋಗಳೆಲ್ಲ ಕಂಡವು. ಆದರೆ ಹೊಸ ಫೈಲ್ ಉಳಿಸಲು ಹೋದರೆ ಆಗುತ್ತಿಲ್ಲ. ಓದಲು ಮಾತ್ರ ಅನುಮತಿ ಎನ್ನುತ್ತಿತ್ತು. ಅಳಿಸಲೂ ಆಗುವುದಿಲ್ಲ, ಹೆಸರು ಬದಲಾಯಿಸಲೂ ಆಗುವುದಿಲ್ಲ.

ಇದು ಪ್ರತಿಸಲವೂ ಹೀಗೇ ಆಗಿದ್ದರೆ ಕಾರಣ ಬೇಗ ಸಿಗುತ್ತಿತ್ತೋ ಏನೋ. ಒಮ್ಮೊಮ್ಮೆ ಎಲ್ಲ ಸರಿಯಾಗಿರುತ್ತಿತ್ತು, ಫೈಲ್ ಆರಾಮಾಗಿ ಉಳಿಯುತ್ತಿತ್ತು. ಮರುದಿನ ಮತ್ತೆ ಬೀಗ. ಡಿಸ್ಕೇ ಕೆಡುತ್ತಿದೆಯೇನೋ ಎಂಬ ಭಯವೂ ಬಂತು. ಡಿಸ್ಕ್ ಪರೀಕ್ಷೆ ಮಾಡಿದೆ, ಏನೂ ತೊಂದರೆ ಇರಲಿಲ್ಲ.

ಕಾರಣ ಇದ್ದದ್ದು ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದಲ್ಲಿ. ಇದು ಆನ್ ಇದ್ದರೆ, ವಿಂಡೋಸ್‌ನಲ್ಲಿ ಶಟ್‌ಡೌನ್ ಒತ್ತಿದಾಗ ಸಿಸ್ಟಂ ಪೂರ್ತಿ ಆಫ್ ಆಗುವುದಿಲ್ಲ. ನಾವು ತೆರೆದಿದ್ದ ಪ್ರೋಗ್ರಾಂಗಳು ಮುಚ್ಚುತ್ತವೆ. ಒಳಗಿನ ಕರ್ನಲ್ (ಸಿಸ್ಟಂನ ತಿರುಳು), ಡ್ರೈವರುಗಳ ಸ್ಥಿತಿ ಮಾತ್ರ ಹೈಬರ್ನೇಟ್ ಮಾಡಿದ ಹಾಗೆ ಡಿಸ್ಕಿನ ಮೇಲೆ ಬರೆದಿಟ್ಟುಕೊಳ್ಳುತ್ತದೆ. ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಂಡು ಬೇಗ ಶುರುವಾಗುತ್ತದೆ. ಅಂದರೆ ವಿಂಡೋಸ್ ಲೆಕ್ಕದಲ್ಲಿ ಆ ಡ್ರೈವುಗಳು ಇನ್ನೂ ಬಳಕೆಯಲ್ಲೇ ಇವೆ.

ಈ ಸ್ಥಿತಿಯಲ್ಲಿ ಮಿಂಟ್ ಅದರ ಮೇಲೆ ಬರೆದರೆ ಏನಾಗುತ್ತದೆ? ಒಬ್ಬರು ಲೆಕ್ಕದ ಪುಸ್ತಕ ಅರ್ಧಕ್ಕೆ ತೆರೆದಿಟ್ಟು ಎದ್ದು ಹೋದಾಗ ಇನ್ನೊಬ್ಬರು ಬಂದು ಅದೇ ಪುಟದಲ್ಲಿ ಬರೆದ ಹಾಗೆ. ವಾಪಸ್ ಬಂದವರು ತಮ್ಮ ನೆನಪಿನ ಪ್ರಕಾರ ಮುಂದುವರಿಸಿದರೆ ಎರಡೂ ಲೆಕ್ಕ ಹಾಳು. ಹಾಗಾಗಿ ಮಿಂಟ್ ಆ ಗುರುತು ನೋಡಿ, ಓದಲು ಮಾತ್ರ ಬಿಡುತ್ತದೆ. ಅದು ನಮ್ಮ ಫೈಲುಗಳನ್ನು ಕಾಯುತ್ತಿದೆ, ಕೆಟ್ಟಿಲ್ಲ.

ಒಮ್ಮೊಮ್ಮೆ ಸರಿಹೋಗುತ್ತಿದ್ದದ್ದು ಯಾಕೆ ಎಂಬುದೂ ಆಗ ತಿಳಿಯಿತು. ಫಾಸ್ಟ್ ಸ್ಟಾರ್ಟಪ್ ಕೆಲಸ ಮಾಡುವುದು ಶಟ್‌ಡೌನ್‌ಗೆ ಮಾತ್ರ, ರೀಸ್ಟಾರ್ಟ್‌ಗೆ ಅಲ್ಲ. ರೀಸ್ಟಾರ್ಟ್ ಒತ್ತಿ ಮಿಂಟ್‌ಗೆ ಬಂದ ದಿನ ಡ್ರೈವ್ ಸರಿಯಾಗಿ ತೆರೆಯುತ್ತಿತ್ತು. ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಮಿಂಟ್ ಆನ್ ಮಾಡಿದರೆ ಬೀಗ.

ಪರಿಹಾರ ವಿಂಡೋಸ್ ಕಡೆ ಇದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ. ಎಡಬದಿಯಲ್ಲಿ ಪವರ್ ಬಟನ್ ಒತ್ತಿದರೆ ಏನಾಗಬೇಕು ಎಂಬ ಕೊಂಡಿ ಇರುತ್ತದೆ, ಅದನ್ನು ತೆರೆಯಿರಿ. ಫಾಸ್ಟ್ ಸ್ಟಾರ್ಟಪ್ ಸಾಲು ಮಸುಕಾಗಿ ಕಂಡು ಒತ್ತಲು ಬರದಿದ್ದರೆ, ಮೇಲೆ ಸದ್ಯಕ್ಕೆ ಸಿಗದ ಸೆಟ್ಟಿಂಗ್ ಬದಲಾಯಿಸಿ ಎಂಬರ್ಥದ ಸಾಲಿದೆ, ಮೊದಲು ಅದನ್ನು ಒತ್ತಬೇಕು. ಆಮೇಲೆ ಟಿಕ್ ತೆಗೆದು ಸೇವ್ ಮಾಡಿ, ಒಮ್ಮೆ ಪೂರ್ತಿ ಶಟ್‌ಡೌನ್ ಮಾಡಿ. ವಿಂಡೋಸ್‌ನಲ್ಲಿ ಹೈಬರ್ನೇಟ್ ಬಳಸುವವರಿಗೂ ಇದೇ ತೊಂದರೆ ಬರುತ್ತದೆ, ಅದನ್ನೂ ಬಿಡಬೇಕು. ದೊಡ್ಡ ಅಪ್‌ಡೇಟ್ ಆದ ಮೇಲೆ ಟಿಕ್ ವಾಪಸ್ ಬಂದಿದೆಯೇ ಎಂದು ನೋಡಿಕೊಳ್ಳಿ. ಎಸ್‌ಎಸ್‌ಡಿ ಇದ್ದರೆ ಇದನ್ನು ಆಫ್ ಮಾಡಿದ್ದರಿಂದ ಶುರುವಾಗಲು ಹೆಚ್ಚೇನೂ ತಡವಾಗುವುದಿಲ್ಲ.

ಲಿನಕ್ಸ್ ಕಡೆಯಿಂದಲೇ ಬಲವಂತವಾಗಿ ಆ ಹೈಬರ್ನೇಟ್ ಫೈಲ್ ಅಳಿಸಿ ಡ್ರೈವ್ ತೆರೆಯುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ವಿಂಡೋಸ್ ಬರೆದಿಟ್ಟುಕೊಂಡ ಸ್ಥಿತಿ ಅದರಿಂದ ಹೋಗಿಬಿಡುತ್ತದೆ. ಮನೆಯ ಫೋಟೋಗಳಿರುವ ಡಿಸ್ಕಿನ ಮೇಲೆ ನಾನಂತೂ ಅದನ್ನು ಮಾಡಲಿಲ್ಲ, ಬೇರೆಯವರಿಗೂ ಹೇಳುವುದಿಲ್ಲ.

ಡ್ಯುಯಲ್ ಬೂಟ್‌ನಲ್ಲಿ ಗಡಿಯಾರವೂ ತಪ್ಪಾಗುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ, ಲಿನಕ್ಸ್ ಜಾಗತಿಕ ಸಮಯ ಎಂದು. ಮಿಂಟ್‌ನಲ್ಲಿ ಒಂದೇ ಆದೇಶದಿಂದ ಸರಿಮಾಡಬಹುದು.

ಕನ್ನಡ ಟೈಪಿಂಗ್ ಬಗ್ಗೆ ನನಗೆ ಆತಂಕ ಇತ್ತು. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಜೊತೆಗೇ ಬರುತ್ತದೆ, ಉಚ್ಚಾರಣೆಯ ಪ್ರಕಾರ ಟೈಪ್ ಮಾಡುವುದೂ ಇದೆ. ಮಿಂಟ್‌ನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ಇನ್‌ಸ್ಕ್ರಿಪ್ಟ್, ಕೆಜಿಪಿ, ಐಟ್ರಾನ್ಸ್ ಎಂಬ ಕೀಲಿಮಣೆ ವಿನ್ಯಾಸಗಳೆಲ್ಲ ಸಿಗುತ್ತವೆ. ನಾನು ಕೆಜಿಪಿಯವನು, ಬೆರಳು ಬದಲಾಯಿಸಬೇಕಾಗಲಿಲ್ಲ. ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರೆದ ಫೈಲುಗಳಿದ್ದರೆ ಮಾತ್ರ ವಿಂಡೋಸ್ ಇರುವಾಗಲೇ ಯುನಿಕೋಡ್‌ಗೆ ಬದಲಾಯಿಸಿಟ್ಟುಕೊಳ್ಳಿ.

ವರ್ಡ್, ಎಕ್ಸೆಲ್ ಬದಲಿಗೆ ಬಳಸುವ ಲಿಬ್ರೆಆಫೀಸ್‌ನಲ್ಲಿ ಮನೆಯ ಲೆಕ್ಕ, ಪತ್ರ ಎಲ್ಲ ನಡೆಯುತ್ತದೆ. ಬೇರೆಯವರು ಕಳಿಸಿದ ವರ್ಡ್ ಫೈಲಿನಲ್ಲಿ ಕೋಷ್ಟಕ ಜಾಸ್ತಿ ಇದ್ದರೆ ಸಾಲು ಅತ್ತಿತ್ತ ಸರಿಯುವುದು ಉಂಟು. ನಿಮಗೆ ದಿನಾ ಅಂಥ ಫೈಲುಗಳೇ ಬರುತ್ತಿದ್ದರೆ, ಅಥವಾ ಫೋಟೋಶಾಪ್ ಇಲ್ಲದೆ ಕೆಲಸ ನಡೆಯದಿದ್ದರೆ, ಮಿಂಟ್ ನಿಮಗೆ ಒಗ್ಗುವುದಿಲ್ಲ. ಮೋಸ ತಡೆಯುವ ಸಾಫ್ಟ್‌ವೇರ್ ಬೇಡುವ ಕೆಲವು ಆನ್‌ಲೈನ್ ಆಟಗಳೂ ಓಡುವುದಿಲ್ಲ.

ಹಾಗಾದರೆ ನನ್ನ ತೀರ್ಮಾನ. ಪ್ರೊಸೆಸರ್ ಪಟ್ಟಿಯಲ್ಲಿದ್ದು ಯಂತ್ರ ಒಪ್ಪಿದರೆ ಸುಮ್ನೆ ವಿಂಡೋಸ್ 11ಕ್ಕೆ ಹೋಗಿ, ಕಷ್ಟವಿಲ್ಲ. ಯಂತ್ರ ಒಪ್ಪದೆ ಇದ್ದು, ನಿಮ್ಮ ಕೆಲಸ ಬ್ರೌಸರ್, ಪತ್ರ, ಫೋಟೋ, ವಿಡಿಯೋ ಕಾಲ್ ಅಷ್ಟೇ ಆಗಿದ್ದರೆ ಹೊಸದು ಕೊಳ್ಳುವ ಮೊದಲು ಮಿಂಟ್ ನೋಡಿ. ನಮ್ಮ ಮನೆಯಲ್ಲಿ ಅದು ಬಂದ ಮೇಲೆ ಕಂಪ್ಯೂಟರ್ ಬಗ್ಗೆ ಯಾರೂ ನನ್ನನ್ನು ಕರೆಯುತ್ತಿಲ್ಲ. ಅಪ್‌ಡೇಟ್ ಬಂದಿದೆ ಎಂದು ಮೂಲೆಯಲ್ಲಿ ಗುರುತು ಕಾಣುತ್ತದೆ, ಅಪ್ಪ ಪುರುಸೊತ್ತಾದಾಗ ಒತ್ತುತ್ತಾರೆ. ಕೆಲಸದ ನಡುವೆ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಏನಾದರೂ ಎಡವಟ್ಟಾದರೆ ಮಿಂಟ್‌ನ ಟೈಮ್‌ಶಿಫ್ಟ್ ಎಂಬ ಪ್ರೋಗ್ರಾಂನಿಂದ ಹಿಂದಿನ ಸ್ಥಿತಿಗೆ ಹೋಗಬಹುದು. ಆದರೆ ಟೈಮ್‌ಶಿಫ್ಟ್ ಉಳಿಸುವುದು ಸಿಸ್ಟಂ ಫೈಲುಗಳನ್ನು, ನಿಮ್ಮ ಫೋಟೋಗಳನ್ನಲ್ಲ. ಅವಕ್ಕೆ ಹೊರಗಿನ ಡಿಸ್ಕಿನಲ್ಲಿ ಬೇರೆ ನಕಲು ಇರಲೇಬೇಕು.

ಶುರು ಮಾಡುವ ಮೊದಲು ಇನ್ನೊಂದು ಕೆಲಸ ಮಾಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕನ್ನು ಗೂಢಲಿಪಿಯಲ್ಲಿ ಇಡುವ ಸೌಲಭ್ಯಗಳು) ಆನ್ ಇದೆಯೇ ನೋಡಿ. ಆನ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಶುರುವಾಗುವಾಗ ನಂಬಿಕಸ್ಥ ಸಿಸ್ಟಂ ಮಾತ್ರ ಬಿಡುವ ಸೆಟ್ಟಿಂಗ್) ಅಥವಾ ಟಿಪಿಎಂ ಬದಲಾಯಿಸಿದರೆ ಮುಂದಿನ ಸಲ ವಿಂಡೋಸ್ ಆ ಅಂಕಿ ಕೇಳಬಹುದು, ಅದಿಲ್ಲದೆ ಡಿಸ್ಕ್ ತೆರೆಯುವುದಿಲ್ಲ.